ಕೂದಲು, ಡಾಕ್ಟರ್ ಚೀಟಿ ಮತ್ತು ಒಂದು ಜೆನೆರಿಕ್ ಮಾತ್ರೆ

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ "ಈ ಸಲ ಏನಾದ್ರೂ ಉಪಯೋಗ ಆಗೋ ವಿಷಯ ಬರೀರಪ್ಪ" ಅಂತ ಸೀನಿಯರ್ ಮೆಸೇಜ್ ಹಾಕಿದಾಗ ನನಗೆ ಹೊಳೆದಿದ್ದು ಇದೊಂದೇ. ಯಾಕಂದ್ರೆ ಕಳೆದ ಆರು ತಿಂಗಳಲ್ಲಿ ನಾನು ಸಿಲಬಸ್‌ಗಿಂತ ಜಾಸ್ತಿ ಓದಿದ್ದು ಈ ವಿಷಯವನ್ನೇ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಶುರುವಾಗಿದ್ದು ಗಾಂಧಿ ಬಜಾರ್ ಹತ್ತಿರದ ಕಟಿಂಗ್ ಶಾಪ್‌ನಲ್ಲಿ. ಚಿಕ್ಕವನಿದ್ದಾಗಿಂದ ನನಗೆ ಅವರೇ ಕಟಿಂಗ್ ಮಾಡೋದು. ಆವತ್ತು ಬಾಚಣಿಗೆ ಹಿಡಿದು ಒಂದು ಕ್ಷಣ ನಿಂತರು. "ಮುಂದ್ಗಡೆ ಹಾಗೇ ಬಿಡ್ಲಾ ತಮ್ಮಾ? ಸ್ವಲ್ಪ ತೆಳ್ಳಗಾಗಿದೆ" ಅಂದರು. ಅವರು ಸಹಜವಾಗಿ ಹೇಳಿದ್ದು. ಆದರೆ ನಾನು ಆವತ್ತು ರಾತ್ರಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಬಾತ್‌ರೂಮ್ ಕನ್ನಡಿ ಮುಂದೆ ಅರ್ಧ ಗಂಟೆ ನಿಂತಿದ್ದೆ. ವಯಸ್ಸು ಹತ್ತೊಂಬತ್ತು. ಎರಡೂ ಕಡೆ ಹಣೆ ಮೇಲಕ್ಕೆ ಹೋಗಿದ್ದು ನಿಜ.

ಒಂದು ಸಲ ಸರ್ಚ್ ಮಾಡಿದ್ದೇ ತಡ, ಫೋನ್ ಪೂರ್ತಿ ಅದೇ ಜಾಹೀರಾತು. ಒಂದು ಕಡೆ ಹತ್ತು ಪ್ರಶ್ನೆಗಳ ಕ್ವಿಜ್ ಇತ್ತು, ತುಂಬಿದೆ. ಎರಡು ನಿಮಿಷದ ಫೋನ್ ಕಾಲ್ ಬಂತು, ಆ ಕಡೆಯವರು ಹೆಸರು, ವಯಸ್ಸು, ಅಡ್ರೆಸ್ ಕೇಳಿದರು. ನಾಲ್ಕನೇ ದಿನ ಮೂರು ತಿಂಗಳ "ಕಿಟ್" ಮನೆಗೆ ಬಂತು. 4,200 ರೂಪಾಯಿ, ಇಂಟರ್ನ್‌ಶಿಪ್ ಸ್ಟೈಪೆಂಡ್ ದುಡ್ಡು. ಅಮ್ಮನಿಗೆ "ಪ್ರಾಜೆಕ್ಟ್ ಕಾಂಪೊನೆಂಟ್" ಅಂತ ಸುಳ್ಳು ಹೇಳಿದೆ. ಒಳಗೆ ಶಾಂಪೂ, ಬಯೋಟಿನ್ ಜೆಲ್ಲಿ, ಒಂದು ಲೋಷನ್, ಜೊತೆಗೆ ಮಾತ್ರೆಯ ಸ್ಟ್ರಿಪ್‌ಗಳು. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಫಿನಾಸ್ಟರೈಡ್ ಟ್ಯಾಬ್ಲೆಟ್ಸ್ ಐಪಿ, 1 ಎಂಜಿ. ಪಕ್ಕದಲ್ಲಿ ಒಂದು ಕೆಂಪು ಗೆರೆ.

ಆ ಕೆಂಪು ಗೆರೆ ಏನು ಅಂತ ಹುಡುಕುತ್ತಾ ಹೋಗಿದ್ದರ ಫಲವೇ ಈ ಲೇಖನ.

ಎಲ್ಲ ಉದುರುವಿಕೆಯೂ ಒಂದೇ ಅಲ್ಲ

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತೆ. ಪ್ರತಿ ಕೂದಲಿಗೂ ಒಂದು ಸೈಕಲ್ ಇದೆ. 2ರಿಂದ 6 ವರ್ಷ ಬೆಳೆಯುತ್ತೆ, ಎರಡು ಮೂರು ವಾರ ಬೆಳವಣಿಗೆ ನಿಲ್ಲಿಸುತ್ತೆ, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತೆ. ಅದೇ ಜಾಗದಲ್ಲಿ ಹೊಸದು ಬರುತ್ತೆ. ಹಾಗಾಗಿ ದಿನಕ್ಕೆ 100ರವರೆಗೆ ಉದುರೋದು ನಾರ್ಮಲ್. ಬಾತ್‌ರೂಮ್ ಜಾಲರಿಯಲ್ಲಿ ಕೂದಲು ನೋಡಿ ಗಾಬರಿ ಆಗೋರು ಮೊದಲು ಇದನ್ನು ನೆನಪಿಟ್ಕೊಳ್ಳಿ.

ಡೆಂಗಿ, ಟೈಫಾಯಿಡ್, ಜೋರು ಜ್ವರ, ಆಪರೇಷನ್, ದಿಢೀರ್ ತೂಕ ಇಳಿಸೋದು, ಇಂಥದ್ದೇನಾದರೂ ಆದರೆ ಒಟ್ಟಿಗೆ ತುಂಬಾ ಕೂದಲು "ಸುಮ್ಮನಿರೋ" ಹಂತಕ್ಕೆ ಹೋಗಿಬಿಡುತ್ತೆ. ಎರಡು ಮೂರು ತಿಂಗಳಾದ ಮೇಲೆ ಹಿಡಿ ಹಿಡಿ ಉದುರುತ್ತೆ. ಇದು ತಲೆ ಪೂರ್ತಿ ಉದುರೋದು, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ. ರೂಪಾಯಿ ಅಗಲದ ಜಾಗದಲ್ಲಿ ಮಾತ್ರ ನುಣ್ಣಗೆ ಆದರೆ ಅದು ಇನ್ನೊಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯೇ ಬೇರೆ. ಈ ಎರಡಕ್ಕೂ ನನ್ನ ಕಿಟ್‌ನಲ್ಲಿದ್ದ ಮಾತ್ರೆ ಔಷಧಿ ಅಲ್ಲ.

ಮೂರನೇದು ನಮ್ಮ ವಿಷಯ, ಗಂಡಸರಲ್ಲಿ ಬರೋ ಪ್ಯಾಟರ್ನ್ ಬೋಳುತನ. ಹಣೆಯ ಎರಡು ಮೂಲೆ, ಆಮೇಲೆ ನಡುನೆತ್ತಿ. ಇಲ್ಲಿ ಕೂದಲು ಒಂದೇ ಸಲ ಉದುರಿ ಹೋಗಲ್ಲ. ಪ್ರತಿ ಸೈಕಲ್‌ಗೂ ಹೊಸ ಕೂದಲು ಹಿಂದಿನದಕ್ಕಿಂತ ಸಣ್ಣ, ಮೋಟು ಆಗಿ ಬರುತ್ತೆ. ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತೆ.

ಹಾಸ್ಟೆಲ್‌ನಲ್ಲಿ ಎಲ್ಲರೂ ಬೈಯೋದು ಬೋರ್‌ವೆಲ್ ನೀರನ್ನ. "ಊರಲ್ಲಿ ಚೆನ್ನಾಗಿತ್ತು ಮಗಾ, ಬೆಂಗಳೂರು ನೀರಿಗೆ ಬಂದು ಹೋಯ್ತು." ಡೇ ಸ್ಕಾಲರ್‌ಗಳು ಹೆಲ್ಮೆಟ್ ಬೈತಾರೆ. ಗಡಸು ನೀರಿಂದ ಕೂದಲು ಒರಟಾಗಬಹುದು, ತುಂಡಾಗಬಹುದು. ಆದರೆ ಒಂದು ಲಾಜಿಕ್ ನೋಡಿ. ಷವರ್ ನೀರು ತಲೆ ಹಿಂಭಾಗಕ್ಕೂ ಬೀಳುತ್ತೆ, ಹೆಲ್ಮೆಟ್ ಕಿವಿ ಪಕ್ಕವನ್ನೂ ಮುಚ್ಚುತ್ತೆ. ಪೂರ್ತಿ ಬೋಳಾದವರಿಗೂ ಆ ಎರಡು ಜಾಗದಲ್ಲಿ ಕೂದಲು ಉಳಿದಿರುತ್ತಲ್ಲ? ನೀರಿಗೆ ಹಣೆ ಯಾವುದು, ಹಿಂದಲೆ ಯಾವುದು ಅಂತ ಗೊತ್ತಿರಲ್ಲ. ಗೊತ್ತಿರೋದು ಆ ಕೂದಲಿನ ಬೇರಿಗೆ. ಅದು ಜೀನ್ಸ್ ವಿಷಯ. "ಅಮ್ಮನ ಕಡೆಯಿಂದ ಬರುತ್ತೆ" ಅನ್ನೋದು ಅರ್ಧ ಸತ್ಯ. ಒಂದು ಮುಖ್ಯ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ, ಅದು ಅಮ್ಮನಿಂದ ಬರೋದು ಸರಿ. ಆದರೆ ಇನ್ನೂ ತುಂಬಾ ಜೀನ್‌ಗಳು ಸೇರುತ್ತವೆ, ಅವು ಎರಡೂ ಕಡೆಯಿಂದ ಬರುತ್ತವೆ.

ಒಂದು ಎನ್‌ಜೈಮ್, ಒಂದು ಬೀಗ

1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಅನ್ನೋ ವಿಜ್ಞಾನಿ ಒಂದು ವಿಷಯ ತೋರಿಸಿದರು. ಪ್ರಾಯಕ್ಕೆ ಬರೋ ಮೊದಲೇ ವೃಷಣ ಕಳಕೊಂಡ ಗಂಡಸರಿಗೆ ಈ ಥರ ಬೋಳಾಗಲ್ಲ. ಅಂಥವರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ, ಮನೆತನದಲ್ಲಿ ಬೋಳುತನ ಇದ್ದವರಿಗೆ ಶುರುವಾಯ್ತು. ಅಂದರೆ ಹಾರ್ಮೋನ್ ಮತ್ತು ಜೀನ್ ಎರಡೂ ಬೇಕು.

1974ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಡೊಮಿನಿಕನ್ ರಿಪಬ್ಲಿಕ್ ದೇಶದ ಒಂದು ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣುಮಕ್ಕಳ ಥರ ಕಾಣುತ್ತಿದ್ದರು, ಪ್ರಾಯಕ್ಕೆ ಬಂದಾಗ ಗಂಡಸರಾಗುತ್ತಿದ್ದರು. ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಅವರ ತಂಡ ಕಾರಣ ಹುಡುಕಿತು. ಆ ಮಕ್ಕಳಿಗೆ ಹುಟ್ಟಿನಿಂದಲೇ 5-ಆಲ್ಫಾ ರಿಡಕ್ಟೇಸ್ ಅನ್ನೋ ಎನ್‌ಜೈಮ್ ಕೊರತೆ. ಈ ಎನ್‌ಜೈಮ್ ಕೆಲಸ ಏನು? ಟೆಸ್ಟೋಸ್ಟೆರಾನ್ ಅನ್ನು ಇನ್ನೂ ಪವರ್‌ಫುಲ್ ಆದ ಡಿಎಚ್‌ಟಿ ಆಗಿ ಬದಲಾಯಿಸೋದು. ದೊಡ್ಡವರಾದ ಮೇಲೆ ಅವರಿಗೆ ಪ್ರಾಸ್ಟೇಟ್ ಗ್ರಂಥಿ ಸಣ್ಣದಾಗೇ ಇತ್ತು. ಪ್ಯಾಟರ್ನ್ ಬೋಳುತನವೂ ಕಾಣಲಿಲ್ಲ.

ಮರ್ಕ್ ಕಂಪನಿ ಅದೇ ಎನ್‌ಜೈಮ್‌ಗೆ ಬೀಗ ಹಾಕೋ ಅಣುವೊಂದನ್ನು ತಯಾರಿಸಿತು. ಅದೇ ಫಿನಾಸ್ಟರೈಡ್. ವಯಸ್ಸಾದವರ ಪ್ರಾಸ್ಟೇಟ್ ತೊಂದರೆಗೆ 5 ಮಿಲಿಗ್ರಾಂ ಮಾತ್ರೆ, ಪ್ರಾಸ್ಕರ್ ಹೆಸರಲ್ಲಿ 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕೂದಲಿಗೆ 1 ಮಿಲಿಗ್ರಾಂ, ಪ್ರೊಪೇಶಿಯಾ ಹೆಸರಲ್ಲಿ 1997ರಲ್ಲಿ ಬಂತು. ಎರಡರಲ್ಲೂ ಇರೋ ಔಷಧಿ ಒಂದೇ.

ಕೆಲಸ ಮಾಡುತ್ತಾ? ಮಾಡುತ್ತೆ. 18ರಿಂದ 41 ವಯಸ್ಸಿನ ಗಂಡಸರ ಮೇಲೆ ನಡೆದ ಟ್ರಯಲ್‌ನಲ್ಲಿ ಎರಡು ವರ್ಷದ ನಂತರ ಮಾತ್ರೆ ತಗೊಂಡವರಲ್ಲಿ 83 ಪರ್ಸೆಂಟ್ ಜನರ ಕೂದಲಿನ ಎಣಿಕೆ ಹಾಗೇ ಉಳಿದಿತ್ತು ಅಥವಾ ಜಾಸ್ತಿಯಾಗಿತ್ತು. ಉತ್ತುತ್ತು ಮಾತ್ರೆ ತಗೊಂಡವರಲ್ಲಿ ಅದು 28 ಪರ್ಸೆಂಟ್. ಇಲ್ಲಿ "ಹಾಗೇ ಉಳಿದಿತ್ತು" ಅನ್ನೋದನ್ನ ಗಮನಿಸಿ. ಇದರ ಮುಖ್ಯ ಕೆಲಸ ಇರೋದನ್ನ ಉಳಿಸೋದು. ಹತ್ತು ವರ್ಷದ ಹಿಂದಿನ ಫೋಟೋ ವಾಪಸ್ ತರೋದಲ್ಲ. ಗೊತ್ತಾಗೋಕೆ ಕಡಿಮೆ ಅಂದ್ರೂ ಮೂರು ತಿಂಗಳು, ಸರಿಯಾಗಿ ಹೇಳೋಕೆ ಒಂದು ವರ್ಷ ಬೇಕು. ಬಿಟ್ಟರೆ ಒಂದು ವರ್ಷದೊಳಗೆ ಬಂದ ಲಾಭ ಹೋಗುತ್ತೆ. ಅಂದರೆ ಇದು ಕೋರ್ಸ್ ಅಲ್ಲ, ಸಬ್‌ಸ್ಕ್ರಿಪ್ಷನ್.

ಇನ್ನೊಂದು ವಿಷಯ ನಮ್ಮಂಥ ಗ್ರಾಫ್ ಪ್ರಿಯರಿಗೆ. ದಿನಕ್ಕೆ 0.2 ಮಿಲಿಗ್ರಾಂ ತಗೊಂಡರೆ ರಕ್ತದಲ್ಲಿನ ಡಿಎಚ್‌ಟಿ ಸುಮಾರು 69 ಪರ್ಸೆಂಟ್ ಇಳಿಯುತ್ತೆ. 1 ಮಿಲಿಗ್ರಾಂಗೆ ಸುಮಾರು 71. 5 ಮಿಲಿಗ್ರಾಂಗೆ ಸುಮಾರು 72. ಡೋಸ್ 25 ಪಟ್ಟು ಏರಿಸಿದರೂ ಕರ್ವ್ ಮಲಗಿಬಿಟ್ಟಿದೆ. ಪಕ್ಕಾ ಸ್ಯಾಚುರೇಷನ್. ಹಾಗಾಗಿ "ಬೇಗ ಬರಲಿ ಅಂತ ಎರಡು ಹಾಕ್ಕೊಂಡೆ" ಅನ್ನೋದಕ್ಕೆ ಅರ್ಥ ಇಲ್ಲ.

ಲೋಷನ್‌ನಲ್ಲಿರೋದು ಮಿನಾಕ್ಸಿಡಿಲ್, ಅದರ ಕಥೆಯೇ ಬೇರೆ. ಅಪ್‌ಜಾನ್ ಕಂಪನಿಯ ಬಿಪಿ ಮಾತ್ರೆ ಅದು, 1979ರಲ್ಲಿ ಮಾರ್ಕೆಟ್‌ಗೆ ಬಂತು. ತಗೊಂಡವರಿಗೆ ಮೈಮೇಲೆ, ಮುಖದ ಮೇಲೆ ಕೂದಲು ಬರೋಕೆ ಶುರುವಾಯ್ತು. ಸೈಡ್ ಎಫೆಕ್ಟನ್ನೇ ಪ್ರಾಡಕ್ಟ್ ಮಾಡಿ 1988ರಲ್ಲಿ ತಲೆಗೆ ಹಚ್ಚೋ ಲೋಷನ್ ತಂದರು. ಇದು ಡಿಎಚ್‌ಟಿ ತಂಟೆಗೆ ಹೋಗಲ್ಲ, ಕೂದಲಿನ ಬೆಳೆಯೋ ಹಂತವನ್ನು ಉದ್ದ ಮಾಡುತ್ತೆ. ಮೊದಲ ಕೆಲವು ವಾರ ಉದುರೋದು ಜಾಸ್ತಿಯಾಗಬಹುದು, ಅಲ್ಲೇ ಹೆದರಿ ಬಿಡೋರು ತುಂಬಾ ಜನ.

ಜೆನೆರಿಕ್ ಅಂದ್ರೆ ಡೂಪ್ಲಿಕೇಟ್ ಅಲ್ಲ

ಕಿಟ್ ಬಂದ ವಾರ ಆ ಸ್ಟ್ರಿಪ್ ಹಿಡ್ಕೊಂಡು ಡಿವಿಜಿ ರೋಡಿನ ಒಂದು ಮೆಡಿಕಲ್ ಶಾಪ್‌ಗೆ ಹೋದೆ.

"ಅಂಕಲ್, ಇದು ಇದೆಯಾ?"

"ಚೀಟಿ ಎಲ್ಲಪ್ಪ?"

"ಇಲ್ಲ ಅಂಕಲ್."

"ಚೀಟಿ ಇಲ್ದೆ ಕೊಡಲ್ಲ. ರೇಟ್ ಬೇಕಾದ್ರೆ ಹೇಳ್ತೀನಿ ಕೇಳು."

ರೇಟ್ ಕೇಳಿದೆ. ಮೂರು ನಾಲ್ಕು ಬ್ರಾಂಡ್ ಹೇಳಿದರು. ಒಂದೊಂದಕ್ಕೆ ಒಂದೊಂದು ರೇಟ್, ಆದರೆ ಯಾವುದೂ ಒಂದು ಮಾತ್ರೆಗೆ ದರ್ಶಿನಿ ಕಾಫಿಯಷ್ಟು ಬೀಳಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ 4,200ರಲ್ಲಿ ನಿಜವಾದ ಔಷಧಿಯ ಪಾಲು ಅರ್ಧಕ್ಕಿಂತ ತುಂಬಾ ಕಮ್ಮಿ. ಉಳಿದದ್ದು ಶಾಂಪೂ, ಡಬ್ಬ, ಜೆಲ್ಲಿ. ಬಯೋಟಿನ್ ಕೊರತೆ ಇಲ್ಲದವರಿಗೆ ಬಯೋಟಿನ್‌ನಿಂದ ಕೂದಲು ಬರುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಜಾಸ್ತಿ ತಗೊಂಡರೆ ಥೈರಾಯಿಡ್‌ನಂಥ ಕೆಲವು ರಕ್ತ ಪರೀಕ್ಷೆಗಳ ರಿಸಲ್ಟ್ ತಪ್ಪು ತೋರಿಸೋ ಸಾಧ್ಯತೆ ಬೇರೆ.

ಒಂದೇ ಮಾತ್ರೆ ಇಷ್ಟು ಕಂಪನಿಗಳಲ್ಲಿ, ಇಷ್ಟು ಅಗ್ಗಕ್ಕೆ ಸಿಗೋಕೆ ಕಾರಣ ಒಂದು ಕಾನೂನು. ಸ್ವಾತಂತ್ರ್ಯ ಬಂದ ಮೇಲೂ ನಮ್ಮಲ್ಲಿ ಇದ್ದದ್ದು 1911ರ ಬ್ರಿಟಿಷ್ ಕಾಲದ ಪೇಟೆಂಟ್ ಕಾನೂನು. ಜಸ್ಟಿಸ್ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿ ಆಧಾರದ ಮೇಲೆ 1970ರ ಪೇಟೆಂಟ್ ಕಾಯ್ದೆ ಬಂತು, 1972ರಲ್ಲಿ ಜಾರಿಯಾಯ್ತು. ಅದರ ಪ್ರಕಾರ ಔಷಧಿಯ ವಿಷಯದಲ್ಲಿ ಅಣುವಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸೋ ವಿಧಾನಕ್ಕೆ ಮಾತ್ರ ಪೇಟೆಂಟ್. ಬೇರೆ ರೂಟ್‌ನಲ್ಲಿ ಅದೇ ಅಣು ತಯಾರಿಸಿದರೆ ತಪ್ಪಲ್ಲ. ಕೆಮಿಸ್ಟ್ರಿ ಸೈಕಲ್‌ನಲ್ಲಿ ಒಂದೇ ಉತ್ತರಕ್ಕೆ ಎರಡು ಮೆಥಡ್ ಬರೀತೀವಲ್ಲ, ಹಾಗೆ. ಔಷಧಿಯ ಅಣುವಿಗೇ ಪೇಟೆಂಟ್ ಕೊಡೋದು ವಾಪಸ್ ಬಂದಿದ್ದು 2005ರ ಜನವರಿ 1ರಿಂದ. ಫಿನಾಸ್ಟರೈಡ್ ಅದಕ್ಕಿಂತ ಹಳೇದು. ಹಾಗಾಗಿ ಸಿಪ್ಲಾದ ಫಿನ್‌ಪೇಶಿಯಾ, ಡಾಕ್ಟರ್ ರೆಡ್ಡೀಸ್‌ನ ಫಿನಾಕ್ಸ್ ಥರದ ಬ್ರಾಂಡ್‌ಗಳು ಇಲ್ಲಿ ಸಹಜವಾಗಿ ಸಿಗುತ್ತವೆ.

ಗಮನಿಸಿ, ಇವೆಲ್ಲ ಬ್ರಾಂಡ್ ಹೆಸರಿರೋ ಜೆನೆರಿಕ್‌ಗಳೇ. ನಮ್ಮ ದೇಶದಲ್ಲಿ ಮಾರೋ ಹೆಚ್ಚಿನ ಔಷಧಿ ಇಂಥದ್ದೇ. ಬ್ರಾಂಡ್ ಹೆಸರೇ ಇಲ್ಲದೆ ಔಷಧಿಯ ಹೆಸರಲ್ಲೇ ಮಾರೋದು ಜನೌಷಧಿ ಕೇಂದ್ರ ಥರದ ಕಡೆ. ಕೇಂದ್ರ ಸರ್ಕಾರದ ಈ ಯೋಜನೆ 2008ರಲ್ಲಿ ಶುರುವಾಯ್ತು. ಎಲ್ಲ ಔಷಧಿಯೂ ಎಲ್ಲ ಕೇಂದ್ರದಲ್ಲಿ ಇರಲ್ಲ, ಕೇಳಿ ನೋಡಬೇಕು.

"ಅಗ್ಗದ್ದು ಅಂದ್ರೆ ಒಳಗೆ ಔಷಧಿ ಕಮ್ಮಿ ಇರುತ್ತೆ" ಅಂತ ನಮ್ಮ ಚಿಕ್ಕಪ್ಪ ಈಗಲೂ ವಾದ ಮಾಡ್ತಾರೆ. ಇದನ್ನು ಅಳೆಯೋಕೆ ಬಯೋಈಕ್ವಿವಲೆನ್ಸ್ ಅನ್ನೋ ಟೆಸ್ಟ್ ಇದೆ. ಒರಿಜಿನಲ್ ಮತ್ತು ಜೆನೆರಿಕ್ ಎರಡನ್ನೂ ಆರೋಗ್ಯವಂತರಿಗೆ ಕೊಟ್ಟು, ಸಮಯದ ಜೊತೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಗ್ರಾಫ್ ಹಾಕ್ತಾರೆ. ಕರ್ವ್‌ನ ಕೆಳಗಿನ ಏರಿಯಾ, ಮತ್ತು ಪೀಕ್, ಎರಡರ ಅನುಪಾತ ನೋಡ್ತಾರೆ. ಅದರ 90 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್ ಪೂರ್ತಿಯಾಗಿ 80ರಿಂದ 125 ಪರ್ಸೆಂಟ್ ಒಳಗೆ ಕೂರಬೇಕು. 80 ಮತ್ತು 120 ಯಾಕಲ್ಲ? ಲಾಗ್ ಹಾಕಿ ನೋಡಿ. 0.8ರ ನ್ಯಾಚುರಲ್ ಲಾಗ್ ಮೈನಸ್ 0.223, 1.25ರದ್ದು ಪ್ಲಸ್ 0.223. ಲಾಗ್ ಸ್ಕೇಲ್‌ನಲ್ಲಿ ಸರಿಸಮ. ಹಾಗಂತ "20 ಪರ್ಸೆಂಟ್ ಕಮ್ಮಿ ಔಷಧಿ ಹಾಕಬಹುದು" ಅಂತ ಅರ್ಥ ಅಲ್ಲ. ಸರಾಸರಿ ಅಷ್ಟು ದೂರ ಹೋದರೆ ಇಂಟರ್ವಲ್‌ನ ಒಂದು ತುದಿ ಗೆರೆ ದಾಟಿಬಿಡುತ್ತೆ, ಟೆಸ್ಟ್ ಫೇಲ್. ಅಮೆರಿಕದ ಎಫ್‌ಡಿಎ ಎರಡು ಸಾವಿರಕ್ಕೂ ಹೆಚ್ಚು ಇಂಥ ಟೆಸ್ಟ್‌ಗಳನ್ನು ಒಟ್ಟು ಸೇರಿಸಿ ನೋಡಿದಾಗ ಏರಿಯಾದಲ್ಲಿನ ಸರಾಸರಿ ವ್ಯತ್ಯಾಸ ಸುಮಾರು 3.5 ಪರ್ಸೆಂಟ್ ಇತ್ತು.

ಹಾಗಾದರೆ ಮೆಡಿಕಲ್ ಶಾಪ್‌ನವರೇ ಅಗ್ಗದ ಬ್ರಾಂಡ್ ಯಾಕೆ ಕೊಡಬಾರದು? ಕಾನೂನು ಬಿಡಲ್ಲ. ನಮ್ಮ ಡ್ರಗ್ಸ್ ರೂಲ್ಸ್‌ನ 65ನೇ ನಿಯಮದ ಪ್ರಕಾರ ಶೆಡ್ಯೂಲ್ ಎಚ್ ಔಷಧಿಗೆ ಡಾಕ್ಟರ್ ಒಂದು ಬ್ರಾಂಡ್ ಬರೆದುಕೊಟ್ಟರೆ ಅಂಗಡಿಯವರು ಅದರ ಬದಲಿಗೆ ಬೇರೆ ಕೊಡೋ ಹಾಗಿಲ್ಲ, ಒಳಗಿರೋದು ಅದೇ ಔಷಧಿ ಆದರೂ ಕೂಡ. ಡಾಕ್ಟರ್‌ಗಳು ಜೆನೆರಿಕ್ ಹೆಸರಲ್ಲೇ ಬರೀಬೇಕು ಅಂತ ನ್ಯಾಷನಲ್ ಮೆಡಿಕಲ್ ಕಮಿಷನ್ 2023ರ ಆಗಸ್ಟ್‌ನಲ್ಲಿ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಆದ್ದರಿಂದ ನಾವು ಮಾಡಬಹುದಾದ್ದು ಒಂದೇ. ಡಾಕ್ಟರ್ ಹತ್ರಾನೇ "ಮೇಡಂ, ಔಷಧಿಯ ಹೆಸರಲ್ಲೇ ಬರ್ಕೊಡ್ತೀರಾ?" ಅಂತ ಕೇಳೋದು. ನಾಚಿಕೆಪಡೋ ವಿಷಯ ಏನಿಲ್ಲ.

ಆ ಕೆಂಪು ಗೆರೆ

ಕೆಂಪು ಗೆರೆ ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ. ಮಾತ್ರೆ ಅಗ್ಗ, ಹಳೇದು, ಕೋಟ್ಯಂತರ ಜನ ತಗೊಂಡಿದ್ದಾರೆ. ಮತ್ಯಾಕೆ ಚೀಟಿ ಅಂತ ನನಗೂ ಅನ್ನಿಸಿತ್ತು. ಈ ಭಾಗ ಮಾತ್ರ ಸ್ಕಿಪ್ ಮಾಡದೆ ಓದಿ, ಪ್ಲೀಸ್.

ಒಂದು, ಲೈಂಗಿಕ ಸೈಡ್ ಎಫೆಕ್ಟ್. ಇದರ ಬಗ್ಗೆ ಎರಡು ಥರದ ಸುಳ್ಳು ಓಡಾಡುತ್ತೆ. "ತಗೊಂಡ್ರೆ ಗಂಡಸ್ತನ ಹೋಯ್ತು" ಅನ್ನೋದು ಒಂದು, "ಏನೂ ಆಗಲ್ಲ ಮಗಾ" ಅನ್ನೋದು ಇನ್ನೊಂದು. ಟ್ರಯಲ್‌ನಲ್ಲಿ ಆಸಕ್ತಿ ಕಡಿಮೆಯಾಗಿದ್ದು ಮಾತ್ರೆ ತಗೊಂಡವರಲ್ಲಿ 1.8 ಪರ್ಸೆಂಟ್, ಉತ್ತುತ್ತು ಮಾತ್ರೆಯವರಲ್ಲಿ 1.3. ನಿಮಿರುವಿಕೆಯ ತೊಂದರೆ 1.3 ಮತ್ತು 0.7. ಹೆಚ್ಚಿನವರಿಗೆ ಬಿಟ್ಟ ಮೇಲೆ ಸರಿಹೋಯ್ತು. ಆದರೆ ಬಿಟ್ಟ ಮೇಲೂ ಮುಂದುವರಿದಿದೆ ಅಂತ ಹೇಳಿದವರೂ ಇದ್ದಾರೆ. 2012ರಲ್ಲಿ ಎಫ್‌ಡಿಎ ಅದನ್ನು ಲೇಬಲ್‌ನಲ್ಲಿ ಸೇರಿಸಿತು. ಕಡಿಮೆ ಜನಕ್ಕೆ ಆಗುತ್ತೆ, ಆದರೆ ಆಗುತ್ತೆ.

ಎರಡು, ಮನಸ್ಸು. ಖಿನ್ನತೆ, ಸಾಯಬೇಕು ಅನ್ನೋ ಯೋಚನೆ ಬಂದ ವರದಿಗಳು ವರ್ಷಗಳಿಂದ ಇದ್ದವು. 2025ರ ಮೇ ತಿಂಗಳಲ್ಲಿ ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆ ಎಲ್ಲವನ್ನೂ ಮತ್ತೆ ಪರಿಶೀಲಿಸಿ, ಆತ್ಮಹತ್ಯೆಯ ಯೋಚನೆ ಈ ಮಾತ್ರೆಯ ಒಂದು ಸೈಡ್ ಎಫೆಕ್ಟ್ ಹೌದು, ಎಷ್ಟು ಜನಕ್ಕೆ ಆಗುತ್ತೆ ಅಂತ ಹೇಳೋಕಾಗಲ್ಲ ಅಂತ ತೀರ್ಮಾನಿಸಿತು. ಒಟ್ಟಾರೆ ಲಾಭ ಜಾಸ್ತಿ ಅಂತಲೂ ಹೇಳಿತು. ತಗೊಳ್ತಾ ಇರೋರಿಗೆ ಮನಸ್ಸು ಕುಗ್ಗಿದ ಹಾಗಾದರೆ ಕೂದಲಿನ ಮಾತ್ರೆ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಬೇಕು.

ಮೂರು, ಮನೆಯವರು. ಗರ್ಭಿಣಿಯರು ಮುರಿದ ಅಥವಾ ಪುಡಿಯಾದ ಫಿನಾಸ್ಟರೈಡ್ ಮುಟ್ಟಬಾರದು. ಹೊಟ್ಟೆಯಲ್ಲಿರೋದು ಗಂಡು ಮಗು ಆದರೆ ಅದರ ಜನನಾಂಗದ ಬೆಳವಣಿಗೆಗೆ ಡಿಎಚ್‌ಟಿ ಬೇಕು. ಡೊಮಿನಿಕನ್ ಹಳ್ಳಿಯ ಕಥೆ ನೆನಪಿಸಿಕೊಳ್ಳಿ. 5 ಮಿಲಿಗ್ರಾಂ ಮಾತ್ರೆ ತಂದು ಅಡುಗೆಮನೆ ಚಾಕುವಿನಲ್ಲಿ ನಾಲ್ಕು ಮಾಡೋ ಉಳಿತಾಯದ ಐಡಿಯಾ ತುಂಬಾ ಜನ ಹೇಳ್ತಾರೆ. ಮನೆಯಲ್ಲಿ ಅಕ್ಕ, ಅತ್ತಿಗೆ ಬಸುರಿ ಇದ್ದರೆ ಅದು ಬೇಡವೇ ಬೇಡ.

ನಾಲ್ಕು, ರಕ್ತದಾನ. ಇದೇ ಕಾರಣಕ್ಕೆ, ಎನ್‌ಎಸ್‌ಎಸ್ ಕ್ಯಾಂಪ್‌ನಲ್ಲಿ ರಕ್ತ ಕೊಡೋ ಮೊದಲು ಈ ಮಾತ್ರೆ ತಗೊಳ್ತಾ ಇದ್ದರೆ ಹೇಳಲೇಬೇಕು. ಕೊನೆಯ ಮಾತ್ರೆಯಾಗಿ ಕನಿಷ್ಠ ಒಂದು ತಿಂಗಳು ಕಾಯೋದು ಸಾಮಾನ್ಯ ನಿಯಮ. ನಿಮ್ಮ ರಕ್ತ ಯಾರಿಗೆ ಹೋಗುತ್ತೋ ಗೊತ್ತಿರಲ್ಲ.

ಐದು, ಅಪ್ಪಂದಿರಿಗೆ. ಈ ಔಷಧಿ ಪಿಎಸ್‌ಎ ಅನ್ನೋ ಪ್ರಾಸ್ಟೇಟ್ ಪರೀಕ್ಷೆಯ ನಂಬರನ್ನು ಸುಮಾರು ಅರ್ಧಕ್ಕೆ ಇಳಿಸುತ್ತೆ. ತಗೊಳ್ಳೋರು ಟೆಸ್ಟ್ ಮಾಡಿಸುವಾಗ ಹೇಳದಿದ್ದರೆ ಕಾಯಿಲೆ ಮುಚ್ಚಿಹೋಗಬಹುದು. 18 ವರ್ಷದ ಕೆಳಗಿನವರಿಗಂತೂ ಇದು ಅಲ್ಲವೇ ಅಲ್ಲ. ಪಿಯುಸಿ ಓದೋ ತಮ್ಮನಿಗೆ ನಿಮ್ಮ ಸ್ಟ್ರಿಪ್‌ನಿಂದ ಕೊಡಬೇಡಿ.

"ಮಾತ್ರೆ ಬೇಡ, ಫಿನಾಸ್ಟರೈಡ್ ಸ್ಪ್ರೇ ಹಾಕಿದ್ರೆ ಸೇಫ್" ಅಂತಲೂ ಜಾಹೀರಾತು ಬರುತ್ತೆ. ಚರ್ಮದ ಮೂಲಕವೂ ಸ್ವಲ್ಪ ರಕ್ತಕ್ಕೆ ಸೇರುತ್ತೆ. ಆನ್‌ಲೈನ್‌ನಲ್ಲಿ ಮಾರೋ, ಮಿಶ್ರಣ ಮಾಡಿಕೊಡೋ ಇಂಥ ಸ್ಪ್ರೇಗಳ ಬಗ್ಗೆ ಎಫ್‌ಡಿಎ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಡಾಕ್ಟರ್ ಕೇಳಿದ ಆ ಪ್ರಶ್ನೆ

ಕೊನೆಗೂ ಒಂದು ಶನಿವಾರ ಬೆಳಗ್ಗೆ ಆಸ್ಪತ್ರೆಗೆ ಹೋದೆ. ಇದಕ್ಕೆ ದೊಡ್ಡ ಹೇರ್ ಕ್ಲಿನಿಕ್ ಏನೂ ಬೇಕಿಲ್ಲ. ನಮ್ಮ ಕಡೆಯವರಿಗೆ ಕೆ.ಆರ್. ಮಾರ್ಕೆಟ್ ಹತ್ತಿರ ವಿಕ್ಟೋರಿಯಾ, ವಿ.ವಿ. ಪುರಂನಲ್ಲಿ ಕಿಮ್ಸ್, ಮಲ್ಲೇಶ್ವರಂ ಕಡೆಯವರಿಗೆ ಕೆ.ಸಿ. ಜನರಲ್ ಇದೆ. ನಾನು ಹೋದ ಕಡೆ ಕ್ಯೂ ಉದ್ದ ಇತ್ತು, ಚೀಟಿ ಅಗ್ಗ ಇತ್ತು.

ಡಾಕ್ಟರ್ ಮೇಡಂ ನನ್ನ ಕೂದಲನ್ನು ಒಂದು ಸಣ್ಣ ಲೆನ್ಸ್‌ನಲ್ಲಿ ನೋಡಿದರು. ದಪ್ಪ, ಸಣ್ಣ ಕೂದಲು ಬೆರೆತಿರೋದನ್ನು ನನಗೂ ತೋರಿಸಿದರು. ಪ್ಯಾಟರ್ನ್ ಬೋಳುತನವೇ, ಇನ್ನೂ ಮೊದಲ ಹಂತ. ಜ್ವರ ಬಂದಿತ್ತಾ, ಅಪ್ಪನಿಗೆ ಹೇಗೆ, ಸೋದರಮಾವನಿಗೆ ಹೇಗೆ, ಬೇರೆ ಏನಾದ್ರೂ ಮಾತ್ರೆ ತಗೊಳ್ತೀಯಾ, ಎಲ್ಲ ಕೇಳಿದರು. ನಾನು ಕಿಟ್‌ನ ಸ್ಟ್ರಿಪ್ ಮೇಜಿನ ಮೇಲೆ ಇಟ್ಟೆ.

ಅವರು ಅದನ್ನು ನೋಡಿ, ಪೆನ್ ಕೆಳಗಿಟ್ಟು ಕೇಳಿದರು. "ಮನಸ್ಸು ಹೇಗಿರುತ್ತಪ್ಪ? ಯಾವಾಗ್ಲಾದ್ರೂ ತುಂಬಾ ಡಲ್ ಆಗಿ, ಏನೂ ಬೇಡ ಅನ್ಸಿತ್ತಾ?"

ಹತ್ತು ಪ್ರಶ್ನೆಗಳ ಕ್ವಿಜ್‌ನಲ್ಲಿ ಈ ಪ್ರಶ್ನೆ ಇರಲಿಲ್ಲ. ಎರಡು ನಿಮಿಷದ ಫೋನ್ ಕಾಲ್‌ನಲ್ಲೂ ಇರಲಿಲ್ಲ.

ನಿಜ ಹೇಳಬೇಕಂದ್ರೆ ಅನ್ನಿಸಿತ್ತು. ಸೆಕೆಂಡ್ ಸೆಮ್‌ನಲ್ಲಿ ಎರಡು ಬ್ಯಾಕ್ ಆದಾಗ ಸುಮಾರು ಎರಡು ತಿಂಗಳು ನಾನು ನಾನಾಗಿರಲಿಲ್ಲ. ಕಾಲೇಜ್ ಕೌನ್ಸೆಲರ್ ಹತ್ರ ಹೋಗಿದ್ದೆ, ಮನೇಲಿ ಹೇಳಿರಲಿಲ್ಲ. ಅಪರಿಚಿತರ ಮುಂದೆ ಮೊದಲ ಸಲ ಅದನ್ನು ಹೇಳಿದೆ. ಮೇಡಂ ನಗಲಿಲ್ಲ, ಗದರಲಿಲ್ಲ. "ಹಾಗಿದ್ರೆ ಈ ಮಾತ್ರೆ ಈಗ ಬೇಡ. ನಿನಗೆ ಟೈಮ್ ಇದೆ. ಲೋಷನ್ ಒಂದೇ ಹಚ್ಚು, ಪ್ರತಿ ತಿಂಗಳು ಒಂದೇ ಲೈಟಲ್ಲಿ ಫೋಟೋ ತೆಗೆದಿಡು, ಆರು ತಿಂಗಳಿಗೆ ಬಾ" ಅಂದರು. ಚೀಟಿಯಲ್ಲಿ ಔಷಧಿಯ ಹೆಸರಷ್ಟೇ ಬರೆದುಕೊಟ್ಟರು.

ಅದೇ ತಿಂಗಳು ನನ್ನ ಕ್ಲಾಸ್‌ಮೇಟ್ ಒಬ್ಬನೂ ಡಾಕ್ಟರ್ ಹತ್ರ ಹೋಗಿದ್ದ. ಅವನಿಗೆ ಫಿನಾಸ್ಟರೈಡ್ ಬರೆದುಕೊಟ್ಟರು. ಅಗ್ಗದ ಜೆನೆರಿಕ್ಕೇ ತಗೊಳ್ತಾ ಇದ್ದಾನೆ, ಆರಾಮಾಗಿದ್ದಾನೆ. ಇಬ್ಬರಿಗೂ ಕಾಯಿಲೆ ಒಂದೇ. ಉತ್ತರ ಬೇರೆ. ಮಾತ್ರೆಯ ಬೆಲೆ ಕೆಲವೇ ರೂಪಾಯಿ, ಆದರೆ ಅದು ನಿಮಗೆ ಸರಿಯಾ ಅಂತ ತೀರ್ಮಾನ ಮಾಡೋ ಹತ್ತು ನಿಮಿಷದ ಮಾತು ಜೆನೆರಿಕ್ ಆಗಿ ಸಿಗಲ್ಲ. ಕಿಟ್‌ನವರು ಅಗ್ಗದ್ದನ್ನು ದುಬಾರಿಗೆ ಮಾರಿ, ಬೆಲೆಬಾಳೋದನ್ನ ಎರಡು ನಿಮಿಷದಲ್ಲಿ ಮುಗಿಸಿದ್ದರು.

ಏನೂ ಮಾಡದೆ ಇರೋದೂ ಒಂದು ದಾರಿ

ಇನ್ನೊಂದು ಮಾತು. ಇದು ಕಾಯಿಲೆ ಅಂತ ಕರೆಸಿಕೊಂಡರೂ ಇದರಿಂದ ಯಾರ ಜೀವಕ್ಕೂ ಅಪಾಯ ಇಲ್ಲ. 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ "ಒಂದು ಮೊಟ್ಟೆಯ ಕಥೆ" ನಮ್ಮ ಸಂಘದಲ್ಲಿ ಬಹಳ ಜನ ನೋಡಿರ್ತೀರಿ. ಬೋಳುತಲೆಯ ಕನ್ನಡ ಲೆಕ್ಚರರ್ ಮದುವೆಗೆ ಹೆಣ್ಣು ಹುಡುಕೋ ಕಥೆ. ಪಿಯುಸಿಯಲ್ಲಿ ನೋಡಿದಾಗ ಬಿದ್ದು ಬಿದ್ದು ನಕ್ಕಿದ್ದೆ. ಈ ವರ್ಷ ಮತ್ತೆ ನೋಡಿದೆ, ಅಷ್ಟು ನಗು ಬರಲಿಲ್ಲ. ಅವನಿಗೆ ಕಷ್ಟ ಕೊಟ್ಟಿದ್ದು ಕೂದಲಿಗಿಂತ ಜಾಸ್ತಿ ಸುತ್ತಲಿನವರ ಮಾತು. ಕ್ಲಾಸ್‌ನಲ್ಲಿ "ಏರ್‌ಪೋರ್ಟ್", "ಸೋಲಾರ್ ಪ್ಯಾನೆಲ್" ಅಂತ ನಾವು ಯಾರಿಗೋ ಕೂಗ್ತೀವಲ್ಲ, ಅವನು ಆವತ್ತು ರಾತ್ರಿ ಟಾರ್ಚ್ ಹಿಡ್ಕೊಂಡು ಕನ್ನಡಿ ಮುಂದೆ ನಿಲ್ತಾನೆ. ನಾನೂ ಕೂಗಿದ್ದೀನಿ, ಅದಕ್ಕೇ ಗೊತ್ತು.

ಚಾಮರಾಜಪೇಟೆಯಲ್ಲಿರೋ ನಮ್ಮ ಚಿಕ್ಕಪ್ಪನಿಗೆ ಇಪ್ಪತ್ತೈದಕ್ಕೇ ಪೂರ್ತಿ ಬೋಳಾಗಿತ್ತಂತೆ. "ಔಷಧಿ ಸಿಗ್ತಿತ್ತಲ್ಲ, ಯಾಕೆ ತಗೊಳ್ಳಲಿಲ್ಲ?" ಅಂತ ಕೇಳಿದೆ. "ಎಣ್ಣೆ ಖರ್ಚು ಉಳೀತಲ್ಲೋ" ಅಂದರು.

ನೀವು ಏನೇ ತೀರ್ಮಾನ ಮಾಡಿ, ತಲೆ ತೋರಿಸೋದು ಚರ್ಮರೋಗದ ಡಾಕ್ಟರ್‌ಗೆ. ಹಿಂದೆ ಯಾವಾಗಲಾದರೂ ಮನಸ್ಸು ಕುಗ್ಗಿದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ. ಔಷಧಿ ಬರೆದುಕೊಟ್ಟರೆ ಹೆಸರಲ್ಲೇ ಬರೆಸಿ, ಬಿಲ್ ತಗೊಳ್ಳಿ, ಸ್ಟ್ರಿಪ್ ಮೇಲೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡಿ. ಕೂದಲಿಗೆ ಸಂಬಂಧವೇ ಇಲ್ಲದೆ ಮನಸ್ಸು ಭಾರ ಅನ್ನಿಸಿದರೂ ಟೆಲಿ ಮಾನಸ್ ನಂಬರ್ 14416 ಇದೆ. ನಮ್ಮ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆಯೋದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನನ್ನ ಆರು ತಿಂಗಳು ಮುಂದಿನ ತಿಂಗಳಿಗೆ ಮುಗಿಯುತ್ತೆ. ಫೋಟೋಗಳು ಒಂದು ಫೋಲ್ಡರ್‌ನಲ್ಲಿವೆ, ಹಣೆ ಇದ್ದಲ್ಲೇ ಇದೆ ಅನ್ಸುತ್ತೆ. ಅಮ್ಮನಿಗೆ ನಿಜ ಹೇಳಿದ್ದೀನಿ, 4,200ರದ್ದೂ, ಸೆಕೆಂಡ್ ಸೆಮ್‌ದೂ. ಮೊದಲನೇದಕ್ಕೆ ಬೈದರು. ಎರಡನೇದಕ್ಕೆ ಬೈಯಲಿಲ್ಲ.